ಅಕ್ಕಿಯಲ್ಲಿ ಬರೆಯುವ ಹೆಸರು

ಚಿನ್ಮಯ್‌ಗೆ ನಾನು ಮೊಟ್ಟಮೊದಲು ಹೇಳಿದ ಮಾತು, "ಆ ಫೋಟೋ ಮೇಲಿಂದ ಕೈ ತೆಗೀರಿ."

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಆಫೀಸಿನಲ್ಲಿ ಅವನು ಸ್ಟೂಲ್ ಹತ್ತಿ, ಗೋಡೆಯಿಂದ ಸಂಸ್ಥಾಪಕರ ದೊಡ್ಡ ಫೋಟೋ ಇಳಿಸುತ್ತಿದ್ದ. ಅದು ನನ್ನ ಕೈಗೆ ಸಿಗದ ಹಾಗೆ ಮಾಡಲಿಕ್ಕೆ ಅಧ್ಯಕ್ಷ ಧರ್ಮಪಾಲ ಅಂಕಲ್ ಜನ ಕಳಿಸಿದ್ದಾರೆ ಎಂದೇ ನಾನು ತಿಳಿದೆ. ಹಿಂದಿನ ವಾರವಷ್ಟೇ ಆ ಫೋಟೋ ವಿಷಯಕ್ಕೆ ಅವರಿಗೂ ನನಗೂ ಜಟಾಪಟಿಯಾಗಿತ್ತು. ಕುರ್ಚಿಯಲ್ಲಿ ಕೂತ ಗಂಡಸರಿಗೆಲ್ಲ ಕೆಳಗೆ ಹೆಸರುಂಟು. ಹಿಂದೆ ನಿಂತ ಹೆಂಗಸರಿಗೆ ಮಾತ್ರ, "ಮತ್ತು ಕುಟುಂಬದವರು."

"ನಾ ಕದಿಯಾಕ ಬಂದಿಲ್ರಿ," ಎಂದ ಅವನು ಸ್ಟೂಲ್ ಮೇಲಿಂದಲೇ. "ಸಂಘದವ್ರು ಸ್ಕ್ಯಾನ್ ಮಾಡಿ ಕೊಡು ಅಂದಾರ. ಪ್ರೇಕ್ಷಾ ಅನ್ನೋರು ಭಾಳ ಸಿಟ್ಟಿನವ್ರು, ಲಗೂ ಮುಗಿಸು ಅಂದ್ರು. ನೀವ ಏನು?"

"ನಾನೇ. ಎಂತ ಈಗ?"

"ಏನಿಲ್ಲ. ಖರೇನ ಹೇಳ್ಯಾರ."

ನಗು ಬಂತು. ಅವನಿಗೆ ಕಾಣಬಾರದೆಂದು ಆಚೆ ತಿರುಗಿದೆ. ಎದುರಿನ ಬೀರುವಿನ ಗಾಜಿನಲ್ಲಿ ಅವನು ನನ್ನ ನಗುವನ್ನೇ ನೋಡುತ್ತಿದ್ದ, ಆ ಕಳ್ಳ.

ನಾನು ಹುಟ್ಟಿದ್ದು ಇಲ್ಲೇ. ಅಪ್ಪ ಮಂಗಳೂರು ಕಡೆಯಿಂದ ಬಂದು ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟವರು. ಮನೆಯಲ್ಲಿ ತುಳು, ರಸ್ತೆಯಲ್ಲಿ ಮರಾಠಿ, ಐರೋಳಿಯ ಆಫೀಸಿನಲ್ಲಿ ಇಂಗ್ಲಿಷ್. ನನಗೆ ಕನ್ನಡ ಅಕ್ಷರ ಕಲಿಸಿದ್ದು ಚಾಳಿನ ಒಬ್ಬರು ಆಂಟಿ, ಅಕ್ಕಿ ಆರಿಸುತ್ತಾ. ಅಂಥವರ ಹೆಸರು ಸಂಘದಲ್ಲಿ ಎಲ್ಲೂ ಇಲ್ಲ ಅಂದರೆ ನನಗೆ ಮೈ ಉರಿಯುತ್ತದೆ. ಮಹಿಳಾ ದಿನಕ್ಕೆ ಅವರದ್ದೇ ಒಂದು ಪ್ರದರ್ಶನ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ತಾನೂ ಕೈಜೋಡಿಸುತ್ತೇನೆಂದು ಚಿನ್ಮಯ್ ಕ್ಯಾಮೆರಾ ಹಿಡಿದು ಜೊತೆಯಾದ. ಭಾನುವಾರ ಬಂತೆಂದರೆ ನಾವಿಬ್ಬರೂ ಹೊರಡುತ್ತಿದ್ದೆವು. ಉಲ್ಹಾಸನಗರದಲ್ಲಿ ಹೊಲಿಗೆ ಕ್ಲಾಸ್ ನಡೆಸಿದವರು, ಕಲ್ಯಾಣದಲ್ಲಿ ಖಾನಾವಳಿ ಇಟ್ಟವರು, ಭಜನಾ ಮಂಡಳಿ ಕಟ್ಟಿದವರು. ಅವನು ಫೋಟೋ ತೆಗೆಯುತ್ತಿದ್ದ. ನನ್ನದು ಮೊದಲ ಪ್ರಶ್ನೆ ಯಾವಾಗಲೂ ಒಂದೇ, "ನಿಮ್ಮ ಹೆಸರೇನು? ಮದುವೆಯಲ್ಲಿ ಇಟ್ಟದ್ದಲ್ಲ, ಅದಕ್ಕಿಂತ ಮೊದಲಿನದ್ದು."

ಟಿಟ್ವಾಳಾದ ಒಬ್ಬ ಅಜ್ಜಿ ಚಾ ಲೋಟ ಕೆಳಗಿಟ್ಟು, "ಗಂಗಾ," ಎಂದರು. "ಅದನ್ನು ಕೇಳಿದವರೇ ಇಲ್ಲ ಮಾರಾಯ್ತಿ." ಆಮೇಲೆ ಬೇಡ ಬೇಡ ಅಂದರೂ ಇನ್ನೊಂದು ಚಾ ಕುಡಿಸಿದರು.

ಆ ದಿನ ವಾಪಸ್ ಬರುವ ಲೋಕಲ್ ಖಾಲಿ ಇತ್ತು. ಎದುರು ಸೀಟಿನಲ್ಲಿ ಅವನು ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡೇ ಕೂತಿದ್ದ. ಒಂದು ಕ್ಲಿಕ್ ಕೂಡ ಇಲ್ಲ.

"ಎಂತ ಮಾಡ್ತಿದ್ದೀರಿ?"

"ನಿಮ್ಮನ್ನ ನೆಟ್ಟಗ ನೋಡಿದ್ರ ಬೈತೀರಿ. ಹಿಂಗಾದ್ರ ಕೆಲಸ ಅನ್ಕೋತೀರಿ."

ಕಿವಿ ಬಿಸಿಯಾಯಿತು. ಹೊರಗೆ ಏನಾದರೂ ನೋಡೋಣವೆಂದರೆ ಆ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಇನ್ನೊಂದು ಗಾಡಿ ಬಂದು ನಿಂತಿತ್ತು.

"ಬೈಯುವುದಿಲ್ಲ," ಎಂದೆ. "ಕ್ಯಾಮೆರಾ ಇಳಿಸು."

ಇಳಿಸಿದ. 'ಇಳಿಸು' ಎಂದದ್ದು, 'ಇಳಿಸಿ' ಅಲ್ಲ. ಅದು ಅವನಿಗೂ ಕೇಳಿಸಿತ್ತು. ಡೊಂಬಿವಲಿಯಲ್ಲಿ ಇಳಿಯುವಾಗ ಅವನ ಕೈ ನನ್ನ ಕೈಯಲ್ಲಿತ್ತು.

ಅವನ ಅಮ್ಮ ವಿಮಲಾ ಆಂಟಿ. ವಿಜಯಪುರ ಕಡೆಯಿಂದ ಮದುವೆಯಾಗಿ ಶಹಾಡ್‌ಗೆ ಬಂದು, ಸುತ್ತಲಿನ ಫ್ಯಾಕ್ಟರಿಗಳ ಜನಕ್ಕೆ ಜೋಳದ ರೊಟ್ಟಿ ಬಡಿದು ಕೊಡಲು ಶುರುಮಾಡಿದವರು. ಈಗ ಅವರ ಕೈಕೆಳಗೆ ಹೆಂಗಸರ ದೊಡ್ಡ ಗುಂಪೇ ಉಂಟು. ಪ್ರದರ್ಶನಕ್ಕೆ ಅವರದೂ ಒಂದು ಬೋರ್ಡ್ ತಯಾರಾಗಿತ್ತು. ಮೊದಲಿನ ಹೆಸರು ಕೇಳಿದ್ದಕ್ಕೆ ಮಾತ್ರ, "ಅದು ಹೋತು ಬಿಡವ್ವ," ಎಂದು ರೊಟ್ಟಿ ಮಗುಚಿದ್ದರು.

ನಮ್ಮ ಮದುವೆಗೆ ಎರಡೂ ಮನೆಯವರು ಒಪ್ಪಿದರು. ಅಪ್ಪ ಹೋಟೆಲಿನಲ್ಲಿ ರವೆಯ ಸಿರಾ ಮಾಡಿಸಿ ತಂದರು. ಖುಷಿಯಲ್ಲಿ ಎಲ್ಲರೂ ಕೂತಿದ್ದಾಗ ವಿಮಲಾ ಆಂಟಿ ಹೇಳಿದರು, "ಹೆಸರು ಆರಿಸೇವಿ. ಪ್ರಕೃತಿ. ಚಲೋ ಅದ ಅಲ್ಲ?"

"ಯಾರಿಗೆ?"

"ನಿನಗವ್ವ. ಮದುವಿ ದಿನ ತಟ್ಟ್ಯಾಗ ಅಕ್ಕಿ ಹರವಿ, ಮದುಮಗ ಉಂಗುರದಲೆ ಹೊಸ ಹೆಸರು ಬರೀತಾನ. ಇಲ್ಲಿ ಮರಾಠಿ ಮಂದಿ ಮಾಡ್ತಾರಲ್ಲ, ನಮ್ಮ ಮಾವನವ್ರು ಈ ಕಡೆ ಬಂದಾಗಿಂದ ನಮ್ಮ ಮನ್ಯಾಗೂ ನಡದದ."

ನಾನು ಚಿನ್ಮಯ್ ಕಡೆ ನೋಡಿದೆ. ಅವನು ಸಿರಾದ ಬಟ್ಟಲು ನೋಡುತ್ತಿದ್ದ.

ಕೆಳಗೆ ಬಿಲ್ಡಿಂಗ್ ಗೇಟಿನ ಹತ್ತಿರ ಅವನನ್ನು ಹಿಡಿದೆ. "ನಾಲ್ಕು ತಿಂಗಳು ನನ್ನ ಜೊತೆ ಮನೆ ಮನೆ ತಿರುಗಿದಿಯಲ್ಲ, ಎಂತ ಕೇಳಿದೆ ನೀನು?"

"ಆಧಾರ್‌ನ್ಯಾಗೇನು ಬದಲಿ ಮಾಡಂಗಿಲ್ಲ, ಪ್ರೇಕ್ಷಾ. ಮನ್ಯಾಗಷ್ಟ. ಒಂದು ತಟ್ಟಿ ಅಕ್ಕಿ. ಅವ್ವಗ ಬ್ಯಾಸರಾಗ್ತದ."

"ಹಾಗಾದರೆ ನಿನಗೂ ಒಂದು ಹೊಸ ಹೆಸರು ಬರೆಯುವ. ಹಯಗ್ರೀವ. ಮನೆಯಲ್ಲಷ್ಟೇ. ಆಗಬಹುದಾ?"

ಅವನು ಗೇಟಿನ ಚಿಲಕ ಎಳೆಯುತ್ತಾ ನಿಂತ.

"ಮದುವೆ ಬೇಡ," ಎಂದೆ.

ಹೇಳುವಾಗ ಗಟ್ಟಿಯಾಗಿಯೇ ಹೇಳಿದೆ. ಮರುದಿನ ಆಫೀಸಿಗೆ ಹೋಗುವಾಗ ಲೇಡೀಸ್ ಡಬ್ಬಿಯಲ್ಲಿ ಕಣ್ಣೀರು ನಿಲ್ಲಲಿಲ್ಲ, ಮಲ್ಲಿಗೆ ಕಟ್ಟುತ್ತಿದ್ದ ಒಬ್ಬರು ಸೆರಗು ಕೊಟ್ಟರು. ಅವನು ಬೇಕಿತ್ತು ನನಗೆ, ತುಂಬಾ ಬೇಕಿತ್ತು. ಅವನ ಮನೆಯ ಪ್ರಕೃತಿಯಾಗಿ ಬೇಡವಾಗಿತ್ತು, ಅಷ್ಟೇ.

ಮಹಿಳಾ ದಿನ ಹಾಲ್ ತುಂಬಿತ್ತು. ವೇದಿಕೆ ಮೇಲೆ ಈ ಸಲ ಹೆಂಗಸರೇ ಕುರ್ಚಿಯಲ್ಲಿ. ಧರ್ಮಪಾಲ ಅಂಕಲ್ ಪರದೆಯ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು, "ಶಾಲು ಹೊದಿಸಿ ಮುಗಿಸು. ಹಳೇ ಹೆಸರು ಗಿಸರು ಮೈಕಿನಲ್ಲಿ ಬೇಡ. ಅದು ಅವರವರ ಮನೆ ವಿಷಯ."

"ಹೆಸರು ಮನೆ ವಿಷಯ ಆದ್ರೆ ನಿಮ್ಮದು ಬ್ಯಾನರ್ ಮೇಲೆ ಎಂತಕ್ಕೆ ಉಂಟು, ಅಂಕಲ್?"

ಅವರ ಉತ್ತರಕ್ಕೆ ಕಾಯದೆ ಮೈಕ್ ಹಿಡಿದು ಹೊರಟೆ. ಒಬ್ಬೊಬ್ಬರೇ ತಮ್ಮ ಹಳೇ ಹೆಸರು ಹೇಳಿದರು. ಕೆಲವರು ನಾಚಿದರು, ಗಂಗಾ ಅಜ್ಜಿ ಎರಡು ಸಲ ಹೇಳಿದರು. ವಿಮಲಾ ಆಂಟಿಯ ಮುಂದೆಯೂ ಮೈಕ್ ಹಿಡಿದೆ. ಕೆಳಗೆ ಕ್ಯಾಮೆರಾ ಹಿಡಿದು ನಿಂತವನ ಕಡೆ ನಾನು ನೋಡಲಿಲ್ಲ.

"ನಾ ವಿಮಲಾ," ಎಂದರು ಆಂಟಿ. "ಇದು ಗಂಡನ ಮನ್ಯಾವ್ರು ಕೊಟ್ಟ ಹೆಸರು. ಇದರ ಮ್ಯಾಲ ರೊಟ್ಟಿ ಬಡದೀನಿ, ಮನಿ ಕಟ್ಟೀನಿ. ಈಗ ಇದು ನಂದ. ಯಾರಿಗೂ ವಾಪಸ್ ಕೊಡಂಗಿಲ್ಲ."

ಧರ್ಮಪಾಲ ಅಂಕಲ್ ಮೊದಲು ಚಪ್ಪಾಳೆ ತಟ್ಟಿದರು. ಆಂಟಿ ಕೈಯೆತ್ತಿ ತಡೆದರು.

"ಮುಗಿದಿಲ್ರಿ. ನಮ್ಮವ್ವ ಇಟ್ಟ ಹೆಸರು ಸಾಬವ್ವ. ಹಳ್ಳಿ ಹೆಸರು ಅಂತ ಇಲ್ಲಿ ನಕ್ರು. ಅಕ್ಕಿ ತಟ್ಟಿ ಮುಂದ ಕುಂಡ್ರಿಸಿದಾಗ ಬೇಕೋ ಬ್ಯಾಡೋ ಅಂತ ನನ್ನ ಯಾರೂ ಕೇಳಲಿಲ್ಲ. ಅವತ್ತು ಭಾಳ ಅತ್ತೀನಿ. ಅಷ್ಟು ಅತ್ತಾಕಿ ನಾನ ಈ ಹುಡುಗೀಗೂ ಹಂಗ ಮಾಡಾಕ ಹೊಂಟಿದ್ದೆ, ನೋಡ್ರಿ. ಆ ಹಟ ನಾ ಬಿಟ್ಟೆ. ಇನ್ನ ನನ್ನ ಮಗ ಏನಂತಾನ ಕೇಳ್ರಿ."

ಹಾಲಿನ ತಲೆಗಳೆಲ್ಲ ಅವನ ಕಡೆ ತಿರುಗಿದವು. ಅವನು ಮೆಟ್ಟಿಲು ಹತ್ತಿ ಬಂದ, ಕುತ್ತಿಗೆಯಲ್ಲಿ ಕ್ಯಾಮೆರಾ ತೂಗುತ್ತಿತ್ತು. ಮೈಕ್ ಕೊಟ್ಟೆ. ಸಹಾಯ ಮಾಡಲಿಲ್ಲ.

"ನನಗ ಅಂಜಿಕಿ ಆಗಿತ್ತು," ಎಂದ. "ಅವ್ವ ಏನಂತಾಳ, ಮಂದಿ ಏನಂತಾರ ಅಂತ. ಅದಕ್ಕ ಸುಮ್ಮನ ಕುಂತೆ. ನಾ ಪ್ರೀತಿ ಮಾಡಿದಾಕಿ ಪ್ರೇಕ್ಷಾ. ಆಕಿನ್ನ ಬಿಟ್ಟು ಇನ್ನೊಂದು ಹೆಸರಿನಾಕಿ ಜೋಡಿ ನನಗ ಸಂಸಾರ ಬ್ಯಾಡ. ಆಕಿ ಇನ್ನೂ ಸಿಟ್ಟಿನ್ಯಾಗ ಅದಾಳೋ ಏನೋ."

"ಇದು ಮದುವೆ ಹಾಲ್ ಅಲ್ಲ, ಮಾರಾಯ," ಎಂದರು ಧರ್ಮಪಾಲ ಅಂಕಲ್.

"ಸಿಟ್ಟುಂಟು," ಎಂದೆ ನಾನು. ಮೈಕ್ ಬೇಕಾಗಲಿಲ್ಲ, ಕೊನೇ ಸಾಲಿಗೂ ಕೇಳಿಸಿತು. "ಮದುವೆಯಾದ ಮೇಲೂ ಇರ್ತದೆ."

"ಇರ್ಲಿ," ಎಂದ ಅವನು. ಕಣ್ಣು ತುಂಬಿತ್ತು, ನನ್ನನ್ನು ನೆಟ್ಟಗೆ ನೋಡುತ್ತಿದ್ದ. "ಅದೂ ಬೇಕು ನನಗ."

ಎಲ್ಲರ ಎದುರಿಗೇ ಅವನ ಕೈ ಹಿಡಿದುಕೊಂಡೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಕೆಮ್ಮಲಿ. ಇನ್ನೊಂದು ಕೈಯಲ್ಲಿ ಮೈಕ್ ತೆಗೆದುಕೊಂಡು ಪಕ್ಕದ ಕುರ್ಚಿಯ ಅಮ್ಮನವರ ಮುಂದೆ ಹಿಡಿದೆ.

"ನೀವು ಹೇಳಿ ಅಮ್ಮ," ಎಂದೆ. "ನಿಮ್ಮ ಹೆಸರೇನು?"