ಸೋಮವಾರದ ಜೀವಾಮೃತ

ಪಿಳ್ಳಣ್ಣ ಆಗಲ್ಲ ಅಂದದ್ದಕ್ಕೆ ಕಾಂತರಾಜುವಿಗೆ ಸಿಟ್ಟು ಬರಲಿಲ್ಲ. ನಾಲ್ಕು ಜನರೆದುರು ಹಾಗೆ ಅಂದದ್ದಕ್ಕೆ ಬಂತು.

ಶಿವಗಂಗೆ ಬೆಟ್ಟದ ಬುಡದಲ್ಲಿ ಪಿಳ್ಳಣ್ಣನದು ಚಿಕ್ಕ ಹೋಟೆಲು. ಮುಂದೆ ಎರಡು ಬೆಂಚು, ಹಿಂದೆ ಒಂದು ಪಾಯಿಖಾನೆ, ಅದಕ್ಕೊಂದು ಆಳವಾದ ಗುಂಡಿ. ಆ ಗುಂಡಿಯ ವಿಷಯ ಮಾತಾಡಲೆಂದೇ ಕಾಂತರಾಜು ಬೆಳಿಗ್ಗೆ ಹೋಗಿ, ಟೀ ಕುಡಿದು, ಲೋಟ ಕೊಡುವ ನೆಪದಲ್ಲಿ ಒಲೆಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ್ದ. ತನ್ನ ಕ್ಯಾರವಾನಿನ ಟ್ಯಾಂಕನ್ನು ವಾರಕ್ಕೊಂದು ಸಲ ಅದರೊಳಗೆ ಖಾಲಿ ಮಾಡಿಕೊಳ್ಳಲೇ ಅಂತ. ಪಿಳ್ಳಣ್ಣ ಟೀ ಸೋಸುವುದನ್ನು ನಿಲ್ಲಿಸಿ ಬೆಂಚಿನ ಕಡೆ ತಿರುಗಿದ.

"ಕೇಳಿದ್ರೇನ್ರಪ್ಪಾ? ಬೆಂಗಳೂರೋರು ಇವನ ಗಾಡೀಲಿ ಉಂಡು ಮಲಗ್ತಾರಂತೆ. ಬೆಳಿಗ್ಗೆ ಎದ್ದು ಮಾಡಿದ್ದನ್ನ ಇವನು ನನ್ನ ಹಿತ್ಲಿಗೆ ತರ್ತಾನಂತೆ! ಮೊದ್ಲೇ ಹೇಳಬಾರ್ದಾ ಗುರು, ಟೀ ಕಾಫಿ ಮುಂದ್ಗಡೆ, ಅದು ಹಿಂದ್ಗಡೆ ಅಂತ ಬೋರ್ಡ್ ಬರೆಸ್ತಿದ್ದೆ."

ಬೆಂಚಿನ ಮೇಲಿದ್ದ ಒಬ್ಬನಿಗೆ ನಗು ತಡೆಯದೆ ಟೀ ಮೂಗಿಗೆ ಹತ್ತಿತು. ಕಾಂತರಾಜು ಚಿಲ್ಲರೆ ಕೂಡ ತೆಗೆದುಕೊಳ್ಳದೆ ಬಂದುಬಿಟ್ಟ.

ಕ್ಯಾರವಾನ್ ಅನ್ನುವುದು ಪಂಚಾಯ್ತಿಯ ಕಾಗದದಲ್ಲಿದ್ದ ಹೆಸರು. ಊರಿನ ಬಾಯಲ್ಲಿ ಅದು ಮನೆಗಾಡಿ. ಇದ್ದ ಹೊಲವನ್ನು ಲೇಔಟಿನವರಿಗೆ ಕೊಟ್ಟು, ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಂಚ, ಒಲೆ, ನಿಂತು ಸ್ನಾನ ಮಾಡುವಷ್ಟು ಬಚ್ಚಲು, ಪಾಯಿಖಾನೆ ಎಲ್ಲ ಕೂರಿಸಿದ್ದ. ಶುಕ್ರವಾರ ಸಂಜೆ ಬೆಂಗಳೂರಿನವರು ಬಂದು, ಬೆಟ್ಟ ಹತ್ತಿ ಇಳಿದು, ಊರ ಮುಂದಿನ ಬಯಲಿನಲ್ಲಿ ನಿಂತ ಆ ಗಾಡಿಯಲ್ಲೇ ಮಲಗಿ, ಭಾನುವಾರ ಸಂಜೆ ಹೋಗುತ್ತಿದ್ದರು. ಬಯಲು ಪಂಚಾಯ್ತಿಯದು. ಒಂದು ವರ್ಷ ನೋಡೋಣ ಅಂತ ಕೊಟ್ಟಿದ್ದರು. ಮುಂದಿನ ಮೂರು ವರ್ಷಕ್ಕೆ ಕೊಡುವುದೋ ಬಿಡುವುದೋ ಜೂನ್ ಐದರಂದು ತೀರ್ಮಾನ. ಪಿಡಿಓ ಪ್ರಮೋದಾ ಮೇಡಂ ಹಾಕಿದ್ದ ಷರತ್ತು ಒಂದೇ. ಪಾಯಿಖಾನೆ ಟ್ಯಾಂಕಿನದು ತಾಲೂಕಿನ ಕೊಳಚೆ ನೀರಿನ ಘಟಕಕ್ಕೇ ಹೋಗಬೇಕು, ತಿಂಗಳಿಗೊಂದು ಚೀಟಿ ತರಬೇಕು. ಬೇರೆ ಎಲ್ಲಾದರೂ ಚೆಲ್ಲಿದ್ದು ಗೊತ್ತಾದರೆ ಗಾಡಿ ಅವತ್ತೇ ಬಯಲು ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗುವುದು? ಹೊಲ ಇದ್ದ ಜಾಗದಲ್ಲಿ ಈಗ ಸೈಟಿನ ಕಲ್ಲುಗಳಿದ್ದವು. ಉಳಿದಿದ್ದದ್ದು ಆ ಗಾಡಿ ಒಂದೇ.

ಮೊದಲ ಏಳು ತಿಂಗಳು ಅವನು ಷರತ್ತಿನಂತೆಯೇ ನಡೆದ. ಪ್ರತಿ ಸೋಮವಾರ ಮುನ್ನೂರು ಲೀಟರನ್ನು ಕೆಳಗೆ ಕಟ್ಟಿಕೊಂಡು ಹೈವೇಯಲ್ಲಿ ತೆವಳಿದ. ಹಂಪ್ ಬಂದಾಗಲೆಲ್ಲ ಸೀಟಿನ ಕೆಳಗಿಂದ ಗುಳುಕ್ ಅನ್ನುವ ಸದ್ದು. ಹೋಗಿ ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪುತ್ತಿತ್ತು. ಹತ್ತಿರದಲ್ಲೇ ಎಲ್ಲಾದರೂ ಜಾಗ ಸಿಕ್ಕೀತೆಂದು ದಾಬಸ್‌ಪೇಟೆಯ ಪೆಟ್ರೋಲ್ ಬಂಕಿನಲ್ಲಿ ಕೇಳಿದ, ಛತ್ರದಲ್ಲಿ ಕೇಳಿದ, ಸೋಂಪುರದ ಒಂದು ಫ್ಯಾಕ್ಟರಿಯ ಗೇಟಿನಲ್ಲೂ ಕೇಳಿದ. ಎಲ್ಲರೂ ಅರ್ಧ ಮಾತಿನವರೆಗೆ ಗೌರವದಿಂದ ಕೇಳಿ, ಉಳಿದರ್ಧಕ್ಕೆ ಮೂಗು ಮುಚ್ಚಿಕೊಂಡರು. ಕೊನೆಗೆ ಉಳಿದಿದ್ದು ಪಿಳ್ಳಣ್ಣನ ಗುಂಡಿ. ಅದೂ ಹೀಗಾಯಿತು.

ದಾರಿ ತೋರಿಸಿದ್ದು ಮುನಿವೆಂಕಟಮ್ಮ. ಊರಿಂದ ಬೆಟ್ಟದ ಕಮಾನಿನವರೆಗೆ ರಸ್ತೆಯ ಪಕ್ಕಕ್ಕೆ ಪಂಚಾಯ್ತಿಯವರು ಅರವತ್ತನಾಲ್ಕು ಹೊಂಗೆ ಸಸಿ ನೆಡಿಸಿದ್ದರು. ಪಾತಿ ಮಾಡಿ ನೋಡಿಕೊಳ್ಳುವ ಕೆಲಸ ಆಕೆಯದು. ಜನವರಿಯ ಹೊತ್ತಿಗೆ ಎಲೆಗಳು ಸೊರಗಿ, ಕಡ್ಡಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಗಾಡಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಲೇ ಕಾಂತರಾಜು, ನಿನ್ನ ಗಾಡೀಲಿ ಟ್ಯಾಂಕಿ ಐತಲ್ಲ, ಇವಕ್ಕೆ ಒಂದೊಂದು ಬಿಂದ್ಗೆ ಹಾಕಬಾರ್ದೇನ್ಲಾ? ನಿನ್ನ ಹೆಸ್ರು ಹೇಳ್ಕೊಂಡು ಬದುಕ್ತವೆ."

"ನೋಡಾಣ ಕಣಕ್ಕ," ಅಂದ. ಗೇರು ಬದಲಿಸುವಷ್ಟರಲ್ಲಿ ಇಡೀ ಉಪಾಯ ಅವನ ತಲೆಯಲ್ಲಿ ಬಂದು ಕೂತಿತ್ತು.

ತಪ್ಪು ಮಾಡುವವರು ಕತ್ತಲಲ್ಲಿ ಮಾಡುತ್ತಾರೆ, ಅದಕ್ಕೇ ಸಿಕ್ಕಿಬೀಳುತ್ತಾರೆ ಅಂತ ಅವನು ಲೆಕ್ಕ ಹಾಕಿದ. ದೀಪ ಆರಿಸಿಕೊಂಡು ನಿಂತ ಗಾಡಿಯನ್ನು ಕಂಡರೆ ಯಾರಾದರೂ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲಲ್ಲಿ, ಗಿಡಕ್ಕೆ ನೀರು ಹಾಕುವವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ ಊಟ ಆಯ್ತಾ ಅಂತ ಕೇಳುತ್ತಾರೆ.

ಉಳಿದದ್ದು ವಾಸನೆ. ಅದಕ್ಕೆ ಅವನು ಕಂಡುಕೊಂಡ ಪರಿಹಾರ ಅವನಿಗೇ ಎಷ್ಟು ಹಿಡಿಸಿತೆಂದರೆ ಒಬ್ಬನೇ ಕೂತು ನಕ್ಕುಬಿಟ್ಟ. ವಾಸನೆಯನ್ನು ಮುಚ್ಚಬಾರದು, ಅದಕ್ಕೊಂದು ಮರ್ಯಾದೆಯ ಹೆಸರು ಕೊಡಬೇಕು. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ಕೊಳೆಸಿದ ಜೀವಾಮೃತವನ್ನು ಈ ಸೀಮೆಯಲ್ಲಿ ಯಾರು ಕಂಡಿಲ್ಲ? ಅದು ನಾರುತ್ತದೆ, ನಾರಿದಷ್ಟೂ ಒಳ್ಳೆಯದು ಅಂತ ತರಬೇತಿ ಕೊಡಲು ಬಂದ ಕೃಷಿ ಇಲಾಖೆಯವರೇ ಹೇಳಿ ಹೋಗಿದ್ದರು. ಎರಡು ಬಕೆಟ್ ನಿಜವಾದ ಜೀವಾಮೃತ ಮಾಡಿದ. ಅದನ್ನು ಪಾಯಿಖಾನೆಯ ಟ್ಯಾಂಕಿಗೇ ಸುರಿದ. ಮೇಲಿಂದ ಬೋರಿನ ನೀರು ಬಿಟ್ಟು ತೆಳ್ಳಗೆ ಮಾಡಿದ. ಗಾಡಿಯ ಹಿಂದೆ ಹಳದಿ ಅಕ್ಷರದಲ್ಲಿ 'ಜೀವಾಮೃತ, ಹಸಿರೇ ಉಸಿರು' ಅಂತ ಬರೆಸಿದ. ಬರೆದವನು ಕಾಸು ಬೇಡ ಅಂದುಬಿಟ್ಟ, ಒಳ್ಳೆಯ ಕೆಲಸಕ್ಕೆ ತನ್ನದೂ ಒಂದಿಷ್ಟು ಇರಲಿ ಅಂತ.

ಕೆಲಸವನ್ನು ಅವನು ಅಚ್ಚುಕಟ್ಟಾಗಿ ಮಾಡಿದ. ಪೈಪು ಕಟ್ಟಿಕೊಳ್ಳದಂತೆ ಪಾಯಿಖಾನೆಯಲ್ಲಿ ಬೇಗ ಕರಗುವ ಕಾಗದ ಇಟ್ಟ. ಕೊಳಾಯಿಯನ್ನು ಗಾಡಿಯ ಎಡಬದಿಗೆ ತಂದು, ತಿರುಪನ್ನು ಡ್ರೈವರ್ ಸೀಟಿನ ಹತ್ತಿರ ಕೂರಿಸಿದ. ಗಾಡಿ ಆಮೆಯಂತೆ ಹೋಗಬೇಕು, ಪಾತಿಯ ನೇರಕ್ಕೆ ನಿಲ್ಲಬೇಕು, ಹತ್ತು ಎಣಿಸುವಷ್ಟು ಬಿಡಬೇಕು, ಮುಂದಕ್ಕೆ ಹೋಗಬೇಕು. ನೊಣ ಬಾರದಂತೆ ಮುನಿವೆಂಕಟಮ್ಮನ ಕೈಯಲ್ಲಿ ಬೇವಿನ ಹಿಂಡಿ ಹಾಕಿಸಿದ. ತಿಂಗಳಿಗೊಂದು ಸಲ ಮಾತ್ರ, ಅರ್ಧ ಟ್ಯಾಂಕು ಇಟ್ಟುಕೊಂಡು ಘಟಕಕ್ಕೆ ಹೋಗಿ ಚೀಟಿ ತಂದ. ಚೀಟಿಯಲ್ಲಿ ತಾರೀಖು ಇತ್ತು, ಸೀಲು ಇತ್ತು. ಎಷ್ಟು ಲೀಟರ್ ಅನ್ನುವ ಕಾಲಮ್ಮೇ ಇರಲಿಲ್ಲ.

ಮಾರ್ಚಿನಲ್ಲಿ ಹೊಂಗೆ ಚಿಗುರಿತು. ಏಪ್ರಿಲ್ಲಿನಲ್ಲಿ ಎಂಥ ಚಿಗುರೆಂದರೆ, ಬೆಟ್ಟಕ್ಕೆ ಬಂದವರು ಗಾಡಿ ನಿಲ್ಲಿಸಿ ಫೋಟೊ ತೆಗೆದುಕೊಂಡರು. ಊರಲ್ಲಿ ಅವನನ್ನು ಮಾತಾಡಿಸುವ ರೀತಿಯೇ ಬೇರೆಯಾಯಿತು. ಹಿರಿಯರು ಕೂಡ ಬಾರಪ್ಪಾ ಅಂತ ಜಗಲಿಯ ಮೇಲೆ ಜಾಗ ಬಿಟ್ಟರು.

ಒಂದು ಸೋಮವಾರ ಎದುರಿಗೆ ಪ್ರಮೋದಾ ಮೇಡಂ ಕಾರು ಬಂದು ನಿಂತಿತು. ಆಕೆ ಇಳಿದು ನೇರವಾಗಿ ಕೊಳಾಯಿಯ ಹತ್ತಿರ ಬಂದರು. ಕಾಂತರಾಜುವಿನ ನಾಲಗೆ ತಪ್ಪಲಿಲ್ಲ. ಸಗಣಿ ಎಷ್ಟು, ಗಂಜಲ ಎಷ್ಟು, ಎಷ್ಟು ದಿನ ಕೊಳೆಸಬೇಕು ಎಲ್ಲ ಒಪ್ಪಿಸಿದ.

ಮೇಡಂ ಸೆರಗನ್ನು ಮೂಗಿಗೆ ಒತ್ತಿಕೊಂಡರು. "ಸ್ವಲ್ಪ ಜಾಸ್ತೀನೇ ಸ್ಮೆಲ್ ಅಲ್ವಾ?"

"ನಾಟಿ ಹಸೂದು ಮೇಡಂ," ಅಂದ ಕಾಂತರಾಜು. "ಸೀಮೆ ಹಸೂದಾದ್ರೆ ಇಷ್ಟು ಬರಲ್ಲ."

"ಒರಿಜಿನಲ್ ಅಂದ್ರೆ ಹಂಗೇ. ಜೂನ್ ಐದಕ್ಕೆ ಪರಿಸರ ದಿನ ಮಾಡ್ತಿದೀವಿ. ಅವತ್ತೇ ನಿಮ್ಮ ಪರ್ಮಿಶನ್ನೂ ಮುಗಿಸಿಬಿಡೋಣ. ಒಂದು ಶಾಲು ಹಾಕ್ತೀವಿ, ಬಂದ್ಬಿಡಿ."

ಎಲ್ಲಕ್ಕಿಂತ ಸಿಹಿಯಾದ ದಿನ ಇನ್ನೊಂದಿತ್ತು. ಪಿಳ್ಳಣ್ಣ ಖಾಲಿ ಬಕೆಟ್ ಹಿಡಿದುಕೊಂಡು ರಸ್ತೆಗೇ ಬಂದ. ಅವನ ಹಿತ್ತಲಿನ ಕರಿಬೇವು ಮೇಲೆ ಏಳುತ್ತಿರಲಿಲ್ಲ.

"ಏನಪ್ಪಾ ಕಾಂತರಾಜು, ನಮಗೂ ಒಂದು ಬಕೆಟ್ ಆ ಅಮೃತ ಕೊಡ್ತೀಯೇನು?"

"ಹಿತ್ಲಿಗೆ ತಾನೇ ಪಿಳ್ಳಣ್ಣ?"

"ಹೂಂ ಕಣೋ, ಹಿತ್ಲಿಗೇ."

"ಅದಕ್ಕೇನಂತೆ, ನಾನೇ ತಂದು ಹಾಕ್ತೀನಿ, ನಡಿ," ಅಂದ ಕಾಂತರಾಜು. ಬಕೆಟ್ ತುಂಬಿಸಿ, ಹೋಟೆಲಿನ ಬೆಂಚುಗಳ ನಡುವೆಯೇ ಹಾದು, ಅವನ ಹಿತ್ತಲಿನಲ್ಲಿ ತಾನೇ ಕೈಯಾರೆ ಸುರಿದು ಬಂದ. ಪಿಳ್ಳಣ್ಣ ಟೀಗೆ ಕಾಸು ತೆಗೆದುಕೊಳ್ಳಲಿಲ್ಲ.

ಜೂನ್ ಐದಕ್ಕೆ ಪಂಚಾಯ್ತಿಯ ಮುಂದೆ ಶಾಮಿಯಾನ. ಕಾಂತರಾಜು ಬಿಳಿ ಶರಟು ಹಾಕಿಕೊಂಡು, ಗಾಡಿಯನ್ನು ಶಾಮಿಯಾನದ ಪಕ್ಕದಲ್ಲೇ ನಿಲ್ಲಿಸಿ, ಮುಂದಿನ ಕುರ್ಚಿಯಲ್ಲಿ ಕೂತ. ಮೂರು ವರ್ಷದ ಅನುಮತಿ ಪತ್ರ ಟೈಪಾಗಿ, ಸಹಿ ಒಂದು ಬಾಕಿ, ಮೇಜಿನ ಮೇಲೆ ನೀರಿನ ಬಾಟಲಿಯ ಕೆಳಗಿತ್ತು. ಗಾಳಿಗೆ ಅದರ ತುದಿ ಎದ್ದು ಕೂರುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಪ್ರಮೋದಾ ಮೇಡಂ ಮಾತಾಡಿದರು. ಇಂಥವರು ಊರಿಗೊಬ್ಬರಿದ್ದರೆ ಸಾಕು ಅಂದರು. ಆಮೇಲೆ, ಗಿಡ ನೋಡಿಕೊಂಡ ಮುನಿವೆಂಕಟಮ್ಮನೂ ಎರಡು ಮಾತಾಡಲಿ ಅಂತ ಕರೆದರು.

ಮುನಿವೆಂಕಟಮ್ಮ ಭಾಷಣ ಮಾಡುವವಳಲ್ಲ. ಒಂದು ಮಂಕರಿ ತಂದು ಮೇಜಿನ ಮೇಲಿಟ್ಟಳು. ತುಂಬ ಕೆಂಪಗೆ ಟೊಮೇಟೊ.

"ಹೊಂಗೆ ಬುಡದಾಗೆ ಬಂದಿದ್ವು ಕಣಮ್ಮ. ನಾನೇನು ಹಾಕಿದ್ದಲ್ಲ, ಅವೇ ಹುಟ್ಕಂಡ್ವು. ಪಾತಿ ಕೆದಕ್ದಾಗ ಕಿತ್ತಾಕಾಕೆ ಮನಸ್ಸು ಬರ್ಲಿಲ್ಲ, ಬಿಟ್ಟಿದ್ದೆ. ಅರವತ್ತನಾಲ್ಕು ಬುಡದಾಗೂ ಅವೆ."

ಜನ ಚಪ್ಪಾಳೆ ತಟ್ಟಿದರು. ಮೇಡಂ ಒಂದನ್ನು ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಂಡರು. ಸಿಹಿಯಾಗಿದೆ ಅಂತ ಇನ್ನೊಂದು ಹಾಕಿಕೊಂಡರು.

ಮುನಿವೆಂಕಟಮ್ಮ ಮಾತ್ರ ಕಾಂತರಾಜುವಿನ ಮುಖ ನೋಡುತ್ತ ನಿಂತಿದ್ದಳು. "ನಮ್ಮ ಕಾಲ್ದಾಗೆ ಚೊಂಬು ಹಿಡ್ಕಂಡು ಕೆರೆ ಏರಿ ಹಿಂದ್ಕೆ ಹೋಗ್ತಿದ್ವಲ್ಲ ಕಾಂತರಾಜು, ಅಲ್ಲೂ ಹಿಂಗೇ ಬರ್ತಿದ್ವು. ಯಾರೂ ಬಿತ್ತಂಗಿಲ್ಲ, ನೀರು ಕಟ್ಟಂಗಿಲ್ಲ. ನೀನೂ ನೋಡಿದೀಯ."

ನೋಡಿದ್ದ. ಆರನೆಯ ವಯಸ್ಸಿನಲ್ಲಿ ಅಲ್ಲಿ ಒಂದನ್ನು ಕಿತ್ತು ತಿಂದು ಅವ್ವನ ಕೈಯಲ್ಲಿ ಏಟನ್ನೂ ತಿಂದಿದ್ದ. ಟೊಮೇಟೊ ಬೀಜ ಹೊಟ್ಟೆಯಲ್ಲಿ ಸಾಯುವುದಿಲ್ಲ ಅನ್ನುವುದು ಈ ಊರಿನಲ್ಲಿ ಐವತ್ತು ದಾಟಿದವರಿಗೆಲ್ಲ ಗೊತ್ತು. ಮನೆಮನೆಗೂ ಪಾಯಿಖಾನೆ ಬಂದ ಮೇಲೆ ಮರೆತದ್ದು, ಅಷ್ಟೆ. ನಾಲ್ಕು ತಿಂಗಳು ಅವನು ಕರ್ಚೀಫು ಕಟ್ಟಿಕೊಂಡು, ಮುಖವನ್ನು ರಸ್ತೆಯ ಬಲಕ್ಕೆ ತಿರುಗಿಸಿಕೊಂಡು ತಿರುಪು ಬಿಟ್ಟಿದ್ದ. ಒಂದು ದಿನವೂ ಪಾತಿಯೊಳಕ್ಕೆ ಬಗ್ಗಿ ನೋಡಿರಲಿಲ್ಲ.

ಆದರೂ ಅವನ ತಲೆ ನಿಲ್ಲಲಿಲ್ಲ. "ಹಸೂದು ಕಣಕ್ಕ," ಅಂದ ನಗುತ್ತ. "ರೇಟು ಬಿದ್ದಾಗ ಟೊಮೇಟೊ ತಂದು ಹಸೂಗೇ ತಾನೇ ಸುರೀತೀವಿ? ಸಗಣೀಲಿ ಬೀಜ ಇರಲ್ವಾ?"

"ಅದೂ ನಿಜವೇ," ಅಂದರು ಯಾರೋ. ಮೇಡಂ ಕೂಡ ತಲೆದೂಗಿ ಪೆನ್ನಿನ ಮುಚ್ಚಳ ತೆಗೆದರು. ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. ಕಾಂತರಾಜು ಕುರ್ಚಿಗೆ ಒರಗಿ ಕೂತ.

ಅಷ್ಟರಲ್ಲಿ ಪಿಳ್ಳಣ್ಣ ಎದ್ದು ಬಂದು, ಮಂಕರಿಯಿಂದ ಒಂದನ್ನು ತೆಗೆದು, ಬಿಸಿಲಿಗೆ ಹಿಡಿದು ತಿರುಗಿಸಿದ. "ಅಲ್ಲ ಕಣೋ ಕಾಂತರಾಜು, ಇದು ಗೋಲಿಗಿಂತ ದೊಡ್ಡದಿಲ್ವಲ್ಲೋ! ದ್ರಾಕ್ಷಿ ಇದ್ದಂಗೈತೆ. ಇಂಥದ್ದು ನಮ್ಮೂರಾಗೆ ಯಾರು ಬೆಳೀತಾರೆ, ಯಾವ ಹಸೂಗೆ ಹಾಕ್ತಾರೆ?" ಪ್ರತಿ ಶುಕ್ರವಾರ ಬೆಂಗಳೂರಿನ ಮಾಲಿನಿಂದ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತರುತ್ತಿದ್ದವನು ಕಾಂತರಾಜುವೇ. ಊರಿನ ಟೊಮೇಟೊ ಸಿಟಿಯವರ ಕಣ್ಣಿಗೆ ಒರಟಾಗಿ ಕಂಡೀತೆಂದು, ತೊಳೆದು, ಹಸಿಯಾಗಿ, ಇಡಿಯಾಗಿ ಅತಿಥಿಗಳ ತಟ್ಟೆಯಲ್ಲಿ ಇಡುತ್ತಿದ್ದವನೂ ಅವನೇ. ಪ್ರಮೋದಾ ಮೇಡಂ ಒಮ್ಮೆ ಪಿಳ್ಳಣ್ಣನ ಬೆರಳುಗಳ ನಡುವಿನ ಹಣ್ಣನ್ನು ನೋಡಿದರು, ಒಮ್ಮೆ ಗಾಡಿಯ ಹಿಂದಿನ ಹಳದಿ ಅಕ್ಷರಗಳನ್ನು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿ, ಬಾಯಿಯ ಹತ್ತಿರ ಹೋಗಿದ್ದ ಮೂರನೆಯದನ್ನು ಬಹಳ ಮೆಲ್ಲಗೆ ಆ ಕಾಗದದ ಮೇಲಿಟ್ಟರು. ಅವತ್ತಿನವರೆಗೆ ಇಡೀ ಊರಿನಲ್ಲಿ ಅಂಥ ಟೊಮೇಟೊ ತಿಂದಿದ್ದವರು ಮನೆಗಾಡಿಯಲ್ಲಿ ಮಲಗಿ ಎದ್ದು ಹೋದವರು ಮಾತ್ರ.