ಜೋಗುಳದ ಕ್ಯಾಸೆಟ್

ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಗೆರೆ ಅಲುಗಾಡಲೇ ಇಲ್ಲ. ಹಾಡು ಬಂದರೆ ಅದು ಕುಣಿಯಬೇಕು, ನಾಹೀದಳ ಅಬ್ಬಾ ಹಾಗೇ ಹೇಳಿದ್ದ. ಅವಳು ವಾಲ್ಯೂಮ್ ಏರಿಸಿದಳು. ಸ್ಪೀಕರಿನಲ್ಲಿ ಬರೀ ಗೊರ್ ಗೊರ್ ಸದ್ದು.

"ಬಂತೇನ ಯವ್ವಾ, ನಮ್ಮವ್ವನ ದನಿ?" ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಉಡಚವ್ವ ಕೇಳಿದಳು.

"ಬರ್ತೈತಿ ಆಯಿ. ಶುರುವಿಗೆ ಸ್ವಲ್ಪ ಖಾಲಿ ಟೇಪ್ ಇರತೈತಿ."

ಉಡಚವ್ವ ಚಿಕ್ಕನರಗುಂದದವಳು. ನರಗುಂದದ ಈ ಅಂಗಡಿಗೆ ಅವಳು ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು ಒಂದೇ ಒಂದು ಕ್ಯಾಸೆಟ್. ಅದರಲ್ಲಿ ಅವಳ ತಾಯಿ ಹಾಡಿದ ಜೋಗುಳವಿತ್ತು. ಆ ತಾಯಿ ಈಗಿಲ್ಲ. ಉಡಚವ್ವನ ಮಗಳು ಉಮಾ ಎಳೆಗೂಸು ಕಟ್ಟಿಕೊಂಡು ಗಂಡನ ಜೊತೆ ಗೋವಾಕ್ಕೆ ದುಡಿಯಲು ಹೋಗಿದ್ದಳು. ಕೂಸು ಮಲಗುವುದೇ ಇಲ್ಲವಂತೆ. "ಅಜ್ಜಿ ಹಾಡಿದ್ದನ್ನ ಮೊಬೈಲ್‌ದಾಗ ಹಾಕಿಸಿ ಕಳಸವ್ವ" ಎಂದು ಉಮಾ ಫೋನಿನಲ್ಲಿ ಹೇಳಿದ್ದಳು. ಊರಿಗೆ ಬಂದಿದ್ದ ಅಳಿಯ ಸಂಜೆ ಬಸ್ಸಿಗೆ ವಾಪಸ್ ಹೊರಡುವವನು. ಅವನ ಮೆಮರಿ ಕಾರ್ಡು ಟೇಬಲ್ ಮೇಲಿತ್ತು.

ಕ್ಯಾಸೆಟ್ ಕೊಳ್ಳುವವರೇ ಇಲ್ಲವಾದ ಮೇಲೆ ನಾಹೀದಳ ಅಬ್ಬಾ ಮೋದಿನಸಾಬ ಹಳೇ ಕಂಪ್ಯೂಟರೊಂದನ್ನು ತಂದು ಅಂಗಡಿಯಲ್ಲಿಟ್ಟಿದ್ದ. ಟೇಪ್ ರೆಕಾರ್ಡರಿನಿಂದ ಅದಕ್ಕೊಂದು ವೈರು. "ಟೇಪ್‌ದಾಗ ಪ್ಲೇ ಒತ್ತು, ಕಂಪ್ಯೂಟರ್‌ದಾಗ ರೆಕಾರ್ಡ್ ಒತ್ತು. ನಮಾಜ್ ಮುಗಿಸಿ ಲಗೂನ ಬರ್ತೀನಿ" ಎಂದು ಮಸೀದಿಗೆ ಹೋಗಿದ್ದ.

ನಾಹೀದ ಈಗ ಟೇಪಿನ ಕಡೆ ನೋಡಿದಳು. ಅದರ ಕೆಂಪು ದೀಪ ಉರಿಯುತ್ತಿತ್ತು. ರೆಕಾರ್ಡ್ ಆಗುವಾಗ ಮಾತ್ರ ಉರಿಯುವ ದೀಪ ಅದು.

ರೆಕಾರ್ಡ್ ಎಂದರೆ ಪ್ಲೇ, ರೆಕಾರ್ಡ್ ಎರಡೂ ಗುಂಡಿ ಕೂಡಿ ಒತ್ತುವುದು. ಸಣ್ಣವಳಿದ್ದಾಗಿನಿಂದ ಅವಳ ಕೈಗೆ ಅದೇ ರೂಢಿ. ಕಂಪ್ಯೂಟರ್ ಬಂದಿದೆ ಎಂದು ಕೈಗೇನು ಗೊತ್ತು? ಅದು ಎಂದಿನಂತೆ ಟೇಪಿನ ಎರಡೂ ಗುಂಡಿ ಒತ್ತಿಬಿಟ್ಟಿತ್ತು. ಇಷ್ಟು ಹೊತ್ತು ಹಾಡು ಕಂಪ್ಯೂಟರಿಗೆ ಇಳಿಯುತ್ತಿರಲಿಲ್ಲ, ಕ್ಯಾಸೆಟ್ಟಿನಿಂದ ಅಳಿಸಿಹೋಗುತ್ತಿತ್ತು.

ಲಗುಬಗೆಯಿಂದ ನಿಲ್ಲಿಸಿ, ಹಿಂದಕ್ಕೆ ಸುತ್ತಿ ಕೇಳಿದಳು. ಜೋಗುಳದ ಬಾಲ ಮಾತ್ರ ಉಳಿದಿತ್ತು.

ಸುಮ್ಮನಿದ್ದರೆ ಕಾರ್ಡು ಗೋವಾ ಮುಟ್ಟುವ ತನಕ ಯಾರಿಗೂ ತಿಳಿಯುವುದಿಲ್ಲ. ಆದರೆ ಉಡಚವ್ವ ಇತ್ತ ಕಡೆಯೇ ಕಿವಿಗೊಟ್ಟು ಕೂತಿದ್ದಾಳಲ್ಲ.

"ಆಯಿ, ತಪ್ಪಾತು. ನಾನು ಅಳಿಸಿಬಿಟ್ಟೆ."

ಉಡಚವ್ವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕ್ಯಾಸೆಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು, "ಅದೊಂದ ಇತ್ತವ್ವಾ" ಎಂದಳು.

ನಾಹೀದ ಯೋಚಿಸಿದಳು. ಹಿಂದೆ ಅಬ್ಬಾ ಈ ಜೋಗುಳವನ್ನು ಕೇಳಿಕೊಂಡು ಬಂದವರಿಗೆಲ್ಲ ಕ್ಯಾಸೆಟ್ಟಿಗೆ ತುಂಬಿ ಕೊಟ್ಟಿದ್ದನಂತೆ; ಅಂಗಡಿಯಲ್ಲಿ ಈಗ ಒಂದೂ ಉಳಿದಿರಲಿಲ್ಲ. ಯಾರಾದರೂ ಅದನ್ನು ಮೊಬೈಲಿಗೆ ಹಾಕಿಸಿಕೊಂಡಿದ್ದರೆ? ಹಾಕಿಸಿದ್ದರೂ ಎದುರಿನ ಗೌತಮನ ಮೊಬೈಲ್ ಅಂಗಡಿಯಲ್ಲೇ. ಊರ ಜನವೆಲ್ಲ ಹಾಡಿಗೆ ಅಲ್ಲಿಗೆ ಹೋಗತೊಡಗಿದ ಮೇಲೇ ಅಬ್ಬಾನ ಅಂಗಡಿ ಭಣಗುಟ್ಟಿದ್ದು. ಗೌತಮನನ್ನು ಕಂಡರೆ ನಾಹೀದಳಿಗೆ ಮೈ ಉರಿಯುತ್ತಿತ್ತು. ಆದರೂ ರಸ್ತೆ ದಾಟಿ ಓಡಿದಳು.

ಅವಳು ಅಳುತ್ತಾ ಹೇಳಿದ್ದನ್ನೆಲ್ಲ ಗೌತಮ ಕೇಳಿಸಿಕೊಂಡ.

"ಚಿಕ್ಕನರಗುಂದದ ಅಜ್ಜಿ ಜೋಗುಳ ಹೌದಲ್ಲೊ? ಐತಿ ತಂಗಿ. ಕಂಪ್ಯೂಟರ್ ತಂದ ದಿನ ನಮ್ಮವ್ವ ಮೊದಲ ಇದನ್ನ ಇಳಿಸಾಕ ಹಚ್ಚಿದ್ಲು. ನನ್ನ ತೊಟ್ಲಾಗ ಹಾಕಿ ಇದನ್ನ ಕೇಳಸ್ತಿದ್ಲಂತ."

"ಎಷ್ಟ ಕೊಡಬೇಕ್ರಿ?" ಎಂದಳು ನಾಹೀದ ಮೆಲ್ಲಗೆ.

"ಹುಚ್ಚಿ ಅದೀ ನೋಡು. ನಿಮ್ಮಪ್ಪ ಆವತ್ತ ತುಂಬಿ ಕೊಡದಿದ್ರ ಇದು ನನ್ನ ಹತ್ರ ಎಲ್ಲಿಂದ ಬರತಿತ್ತು?" ಎಂದು ಪೆನ್‌ಡ್ರೈವ್ ಹಿಡಿದು ಅವಳ ಜೊತೆಗೇ ಹೊರಟ.

ಇಬ್ಬರೂ ಬರುವಷ್ಟರಲ್ಲಿ ಅಬ್ಬಾ ಮಸೀದಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ. ನಾಹೀದ ತಲೆ ತಗ್ಗಿಸಿ ಎಲ್ಲ ಹೇಳಿದಳು. ಅಬ್ಬಾನ ಮುಖ ಬಿಗಿಯಿತು. "ಹೇಳಿ ಹೋಗಿದ್ನೋ ಇಲ್ಲೋ?" ಎಂದು ಶುರು ಮಾಡುವಷ್ಟರಲ್ಲಿ ಗೌತಮ ಹಾಡು ಹಚ್ಚಿಯೇಬಿಟ್ಟ.

ಮೊದಲು ಬಂದದ್ದು ಅಜ್ಜಿಯ ದನಿಯಲ್ಲ. ಹರೆಯದ ಹುಡುಗನೊಬ್ಬನ ದನಿ.

"ಹಾಡ್ರಿ ದೊಡ್ಡವ್ವಾ, ಅಂಜಬ್ಯಾಡ್ರಿ. ತಪ್ಪಿದ್ರ ಮತ್ತೊಮ್ಮೆ ತುಂಬೂಣು."

ಆಮೇಲೆ ಮುದುಕಿಯ ಒಡೆದ ದನಿ ಮೆಲ್ಲಗೆ ಎದ್ದಿತು. ಉಡಚವ್ವ ಕಣ್ಣು ಮುಚ್ಚಿಕೊಂಡಳು. "ನಮ್ಮವ್ವ" ಎಂದಳು. ಒಂದು ಕೈ ಗೌತಮನ ಬೆನ್ನ ಮೇಲೆ, ಒಂದು ಕೈ ನಾಹೀದಳ ತಲೆಯ ಮೇಲೆ ಇಟ್ಟಳು.

"ಮೊದಲ ಮಾತಾಡಿದ್ದು ಯಾರು ಅಬ್ಬಾ?"

ಅಬ್ಬಾನ ಸಿಟ್ಟು ಎಲ್ಲಿ ಹೋಯಿತೋ. ನಾಚಿಕೊಂಡು, ತಲೆಯ ಟೋಪಿ ತೆಗೆದು ಜೇಬಿಗಿಟ್ಟುಕೊಂಡ. "ನಾನ. ನೀ ಇನ್ನೂ ಹುಟ್ಟಿದ್ದಿಲ್ಲ."

ನಾಹೀದ ಅಬ್ಬಾನನ್ನು ನೋಡಿದಳು. ನಂತರ, ಅವಳ ಅಬ್ಬಾನ ಆ ದನಿಯನ್ನು ಇಷ್ಟು ದಿನ ತನ್ನ ಅಂಗಡಿಯಲ್ಲಿ ಇಟ್ಟುಕೊಂಡಿದ್ದ ಗೌತಮನನ್ನು ನೋಡಿದಳು.

"ಗೌತಮಣ್ಣ, ಇನ್ನೊಂದ್ಸಲ ಮೊದಲಿಂದ ಹಚ್ಚರಿ" ಎಂದಳು.