ಪ್ರಶ್ನೆಪತ್ರಿಕೆ ತಿದ್ದಿದ ಅಭ್ಯರ್ಥಿ

ಮಂಗಳವಾರ ಬೆಳಿಗ್ಗೆ 10.15ಕ್ಕೆ ಪರೀಕ್ಷಾ ಮಂಡಳಿಯ ಅಧಿಕಾರಿಯೊಬ್ಬರು ಮೂರು ಪುಟದ ದೂರು ಹಿಡಿದು ಠಾಣೆಗೆ ಬಂದರು. ಹಿಂದಿನ ವಾರ ನಡೆದ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಒಬ್ಬ ಅಭ್ಯರ್ಥಿಯ ಬದಲು ಬೇರೆ ಯಾರೋ ಕೂತು ಬರೆದಿದ್ದಾರೆ, ಅರ್ಜಿಯ ಸಹಿಗೂ ಪರೀಕ್ಷಾ ಕೊಠಡಿಯ ಹಾಜರಿಪಟ್ಟಿಯ ಸಹಿಗೂ ತಾಳೆಯಿಲ್ಲ ಎಂಬುದು ದೂರಿನ ಸಾರ. ಅಭ್ಯರ್ಥಿ ಪ್ರಾಥಮಿಕ ಶಾಲೆಯೊಂದರ ಒಂದನೇ ತರಗತಿಯ ಶಿಕ್ಷಕಿ.

"ಹಾಲ್ ಟಿಕೆಟ್‌ನಲ್ಲಿ ಫೋಟೋ ಇರಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇತ್ತು."

"ಮತ್ತೆ ಯಾರೂ ನೋಡಲಿಲ್ವಾ?"

ಅಧಿಕಾರಿ ಪ್ರತಿಯನ್ನು ಮುಂದಿಟ್ಟರು. ಫೋಟೋ ಇರಬೇಕಾದ ಕಡೆ ಮಸಿ ಮೆತ್ತಿದ ಹಾಗಿತ್ತು. ಎಲ್ಲವನ್ನೂ ಬರೆದಿಡುವ ಚಾಳಿಯಿಂದ ಠಾಣೆಯಲ್ಲಿ 'ಡೈರಿ' ಎಂದೇ ಹೆಸರಾದ ಹೆಡ್ ಕಾನ್‌ಸ್ಟೇಬಲ್ ಬಗ್ಗಿ ನೋಡಿದ. "ಇದ್ರಲ್ಲಿ ನನ್ನ ಹೆಂಡ್ತಿನೂ ಕಾಣ್ತಾಳೆ, ನಮ್ಮತ್ತೇನೂ ಕಾಣ್ತಾರೆ ಸಾರ್."

10.50ಕ್ಕೆ ಎಫ್‌ಐಆರ್ ದಾಖಲಾಯಿತು. 11.40ಕ್ಕೆ ಮಂಡಳಿಯ ಕಚೇರಿಯಲ್ಲಿ ಇಬ್ಬರು ಪಂಚರ ಎದುರು ಮೊಹರು ಹಾಕಿದ ಲಕೋಟೆ ಒಡೆದು, ಉತ್ತರಪತ್ರಿಕೆಯನ್ನೂ ಪ್ರಶ್ನೆಪುಸ್ತಿಕೆಯನ್ನೂ ಪಂಚನಾಮೆ ಬರೆದು ವಶಪಡಿಸಿಕೊಂಡರು. ಪುಸ್ತಿಕೆಯ ಪುಟ ತಿರುವುತ್ತಿದ್ದ ಇನ್‌ಸ್ಪೆಕ್ಟರ್ ಹದಿನಾಲ್ಕನೇ ಪುಟದಲ್ಲಿ ನಿಂತರು. ಲೆಕ್ಕದ ಪ್ರಶ್ನೆಯೊಂದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ದುಂಡಗೆ ಬರೆದಿತ್ತು: 'ಕೊಟ್ಟ ನಾಲ್ಕು ಉತ್ತರಗಳೂ ತಪ್ಪು. ಸರಿಯುತ್ತರ 36. ಗಮನವಿರಲಿ.' ಕೊನೆಯ ಪುಟದಲ್ಲಿ ಒಂದು ಉದ್ದನೆಯ ಕೆಂಪು ಗೀಟು, ಅದರ ಕೆಳಗೆ 'ನೋಡಿದೆ' ಎಂಬ ಮಾತು, ತಾರೀಖು.

"ನಿಮ್ಮೋರು ಬರೆದದ್ದಾ?"

"ಇಲ್ಲ ಸಾರ್. ಪರೀಕ್ಷೆ ಮುಗಿದ ಕೂಡಲೇ ಮೊಹರು ಹಾಕಿದ್ದು. ಈಗಲೇ ಒಡೆದದ್ದು."

"ಹಾಗಾದ್ರೆ ಪರೀಕ್ಷೆ ಬರೆಯೋಕೆ ಬಂದೋರು ನಿಮ್ಮ ಪರೀಕ್ಷೆನೇ ತಿದ್ದಿ ಹೋಗಿದಾರೆ. ಉತ್ತರ ಮೂವತ್ತಾರು ಸರಿನಾ?"

ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಅದು ಈ ಕೇಸಿಗೆ ಸಂಬಂಧ ಇಲ್ಲ ಸಾರ್."

ಸಂಬಂಧ ಇತ್ತು. ಐದು ವರ್ಷದಲ್ಲಿ ಮೂರು ಸಲ ನಿಯಮ ಬದಲಾಗಿತ್ತು. ಮೊದಲು ಒಂದು ವರ್ಷದ ತರಬೇತಿ ಸಾಕೆಂದರು. ಆಮೇಲೆ ಆ ತರಬೇತಿ ಚಲಾವಣೆಯಲ್ಲಿಲ್ಲ, ಇನ್ನೊಂದು ಮಾಡಿಕೊಂಡು ಬನ್ನಿ ಎಂದರು. ಅದನ್ನೂ ಮಾಡಿ ಬಂದವರಿಗೆ, ಇಪ್ಪತ್ತು ವರ್ಷ ಪಾಠ ಮಾಡಿದವರಾದರೂ ಸರಿ, ನೂರೈವತ್ತಕ್ಕೆ ತೊಂಬತ್ತು ಅಂಕ ಬರಲೇಬೇಕು, ಮೂರೇ ಅವಕಾಶ, ತಪ್ಪಿದರೆ ಮನೆಗೆ ಎಂದರು. ಈ ನಿಯಮ ಬರೆದ ಮಹಾನುಭಾವರಿಗೆ ತಮ್ಮ ಪ್ರಶ್ನೆಪತ್ರಿಕೆಯನ್ನು ಒಂದು ಸಲ ಓದಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಅವರಿಗೆ ಯಾವ ಪರೀಕ್ಷೆಯೂ ಇಲ್ಲ.

ಮಧ್ಯಾಹ್ನ 1.30ಕ್ಕೆ ಇನ್‌ಸ್ಪೆಕ್ಟರ್, ಡೈರಿ ಮತ್ತು ಮಹಿಳಾ ಪೇದೆ ಶಾಲೆಗೆ ಹೋದರು. ಒಂದನೇ ತರಗತಿಯಲ್ಲಿ ಮೊಣಕಾಲೆತ್ತರದ ಬೆಂಚುಗಳು, ಡಬ್ಬಿಯ ತುಂಬ ಮೋಟು ಪೆನ್ಸಿಲ್‌ಗಳು, ಗೋಡೆಯಲ್ಲಿ ಚೀಲ ನೇತುಹಾಕಲು ನಲವತ್ತೊಂದು ಮೊಳೆಗಳು. ಊಟದ ಹೊತ್ತಾದ್ದರಿಂದ ಮಕ್ಕಳು ಹೊರಗಿದ್ದರು. ಶಿಕ್ಷಕಿ ನಲವತ್ತನಾಲ್ಕರ ಹೆಂಗಸು. ಪೊಲೀಸರನ್ನು ಕಂಡದ್ದೇ ಎದ್ದು ನಿಂತಳು.

"ಪರೀಕ್ಷೆ ಬರೆದದ್ದು ಯಾರಮ್ಮ?"

"ನಾನೇ."

"ಹಿಂದೆ ಎರಡು ಸಲ ಎಷ್ಟು ಬಂತು?"

"ಎಂಬತ್ನಾಲ್ಕು. ಎಂಬತ್ತೇಳು."

"ಕೆಂಪು ಪೆನ್ ಯಾಕೆ ತಗೊಂಡು ಹೋದ್ರಿ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಡೈರಿ ಮುಂದಿಟ್ಟ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟಳು. ಅಕ್ಷರ ಬೇರೆಯೇ ಇತ್ತು. ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಅವಳ ಪಾಠಟಿಪ್ಪಣಿ ಪುಸ್ತಕ ತೆರೆದರು. ಪ್ರತಿ ವಾರದ ಕೊನೆಗೂ ಉದ್ದನೆಯ ಕೆಂಪು ಗೀಟು, ಕೆಳಗೆ 'ನೋಡಿದೆ', ತಾರೀಖು.

"ಇದನ್ನ ತಿದ್ದೋರು ಯಾರು?"

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಉತ್ತರ ಬಾಗಿಲಿನಿಂದ ಬಂತು. "ನಾನು."

ಮುಖ್ಯೋಪಾಧ್ಯಾಯಿನಿ ಒಳಗೆ ಬಂದರು. ನಿವೃತ್ತಿಗೆ ಏಳು ತಿಂಗಳಿತ್ತು. ಪೊಲೀಸರು ಹಿಡಿದಿದ್ದ ಪ್ರಶ್ನೆಪುಸ್ತಿಕೆ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ, ತಿದ್ದಿಬಿಟ್ಟಿದೀನಾ? ಮೂವತ್ತೈದು ವರ್ಷದ ಚಟ. ಕೈಗೆ ಬುದ್ಧಿನೇ ಇಲ್ಲ."

"ಇವರು ಕೇಳ್ಕೊಂಡ್ರಾ ಮೇಡಂ?"

"ಇಲ್ಲ. ಅವತ್ತು ಬೆಳಿಗ್ಗೆ ನಾನೇ ಜೊತೆಗೆ ಹೋಗಿದ್ದೆ. ಪರೀಕ್ಷೆ ಸೆಂಟರ್ ಗೇಟಿನ ಹತ್ರ ವಾಂತಿ ಮಾಡ್ಕೊಂಡು ಕೂತಿದ್ಲು. ಹಾಲ್ ಟಿಕೆಟ್ ಕಿತ್ಕೊಂಡು ನಾನೇ ಒಳಗೆ ಹೋದೆ. ಅಕ್ಕಾ ಬೇಡಕ್ಕಾ ಅಂತ ಕಾಲು ಹಿಡಿದ್ಲು, ಕೇಳಲಿಲ್ಲ."

"ತಪ್ಪು ಅಂತ ಗೊತ್ತಿತ್ತಲ್ವಾ?"

"ಗೊತ್ತಿತ್ತು. ತಪ್ಪೇ. ಬರ್ಕೊಳ್ಳಿ."

ಡೈರಿ ಹೇಳಿಕೆ ಬರೆದುಕೊಂಡ. ಮುಖ್ಯೋಪಾಧ್ಯಾಯಿನಿ ತಾವಾಗಿ ಮುಂದುವರಿಸಿದರು. "ನಾನೂ ಇದೇ ಪರೀಕ್ಷೆ ಬರೆದೆ ಸಾರ್. ಮೊದಲನೇ ಸಲಕ್ಕೇ ನೂರಾ ಮೂವತ್ತೊಂದು. ನಾಲ್ಕು ತಿಂಗಳ ಹಿಂದೆ ಇವಳನ್ನ ನಲವತ್ತು ದಿನ ಕೋಚಿಂಗ್‌ಗೆ ಕಳಿಸಿ ಅಂದ್ರು. ಬದಲಿಗೆ ಯಾರನ್ನೂ ಕೊಡಲಿಲ್ಲ. ನಾನೇ ಒಂದನೇ ಕ್ಲಾಸ್ ತಗೊಂಡೆ. ಎರಡೇ ದಿನಕ್ಕೆ ಸುಸ್ತಾದೆ. ನಾನು ಐದನೇ ಕ್ಲಾಸಿಗೆ ಲೆಕ್ಕ ಹೇಳೋಳು. ಆ ಕಂದಮ್ಮಗಳಿಗೆ ಪೆನ್ಸಿಲ್ ಹಿಡಿಸೋಕೆ ನಂಗೆ ಬರಲಿಲ್ಲ. ಬಂದಾಗಿಂದ ಬಾಯೇ ಬಿಡದಿದ್ದ ಒಂದು ಹುಡುಗಿ ಇವಳ ಹತ್ರ ಮಾತು ಕಲಿತಿತ್ತು. ಆ ನಲವತ್ತು ದಿನದಲ್ಲಿ ಮತ್ತೆ ಮೂಕಿ ಆಯ್ತು. ನೂರಾ ಮೂವತ್ತೊಂದು ತಗೊಂಡೋಳು ನಾನು ಅರ್ಹಳು, ಇವಳು ಅನರ್ಹಳು! ಇದ್ಯಾವ ನ್ಯಾಯ ರೀ?"

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂದಿತ್ತು, ಆದರೆ ಅದನ್ನು ಬರೆಯಲು ಯಾವ ನಮೂನೆಯಲ್ಲೂ ಜಾಗವಿರಲಿಲ್ಲ. ಪರರೂಪ ಧರಿಸಿ ವಂಚನೆ ಎಂಬುದಕ್ಕೆ ಮಾತ್ರ ಇತ್ತು.

ಸಂಜೆ 4.20ಕ್ಕೆ, ಕತ್ತಲಾಗುವ ಮೊದಲೇ, ಮಹಿಳಾ ಪೇದೆಯ ಸಮಕ್ಷಮ ಮುಖ್ಯೋಪಾಧ್ಯಾಯಿನಿಯನ್ನು ಬಂಧಿಸಲಾಯಿತು. ಶಿಕ್ಷಕಿಗೆ ವಿಚಾರಣೆಗೆ ಹಾಜರಾಗಲು ನೋಟಿಸ್ ಕೊಟ್ಟರು. ಐದು ಗಂಟೆ ಹೊಡೆಯುವ ಮೊದಲೇ ಅವಳನ್ನು ಕೆಲಸದಿಂದ ತೆಗೆದ ಆದೇಶವೂ ಬಂತು. ಬದಲಿ ಶಿಕ್ಷಕಿ ಯಾವಾಗ ಎಂದು ಇನ್‌ಸ್ಪೆಕ್ಟರ್ ಫೋನಿನಲ್ಲಿ ಕೇಳಿದ್ದಕ್ಕೆ, ಪ್ರಸ್ತಾವನೆ ಕಳಿಸಿ, ಪರಿಶೀಲಿಸೋಣ ಎಂದು ಇಲಾಖೆ ಹೇಳಿತು. ಕೊರಳು ಕೊಯ್ಯಲು ಇವರಿಗೆ ಅರ್ಧ ಗಂಟೆ ಸಾಕು.

ಠಾಣೆಯಲ್ಲಿ ಡೈರಿ ಬಂಧನ ಪತ್ರ ತುಂಬುತ್ತಿದ್ದ. "ಮೇಡಂ, ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು? ಮನೇಲಿ ಯಾರಿದಾರೆ?"

"ತಮ್ಮ ಇದಾನೆ. ಅವನಿಗೆ ನಾನೇ ಹೇಳ್ತೀನಿ." ಅವರು ಬಂಧನ ಪತ್ರದತ್ತ ಬೆರಳು ತೋರಿದರು. "ಒಂದನೇ ಕ್ಲಾಸಿಗೆ ತಿಳಿಸಿ. ಅವರ ಮಿಸ್ ಬರಲ್ಲ ಅಂತ. ಯಾರೂ ಹೇಳದೇ ಇದ್ರೆ ಬಾಗಿಲ ಹತ್ರನೇ ಕಾಯ್ತಾ ಕೂತ್ಕೋತಾರೆ, ಎಷ್ಟು ಕರೆದ್ರೂ ಏಳಲ್ಲ."

ಡೈರಿ ಪೆನ್ನು ಎತ್ತಿ ಇನ್‌ಸ್ಪೆಕ್ಟರ್ ಮುಖ ನೋಡಿದ. "ಹಾಗೇ ಬರಿ," ಎಂದರು ಅವರು.

ಬುಧವಾರ 9.30ಕ್ಕೆ ಇನ್‌ಸ್ಪೆಕ್ಟರ್ ಒಬ್ಬರೇ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯಿನಿ ಹೇಳಿದ ಹಾಗೆಯೇ ಮಕ್ಕಳು ಬಾಗಿಲಲ್ಲಿ ಕೂತಿದ್ದವು. ಟೋಪಿ ತೆಗೆದು, ಕುಕ್ಕರಗಾಲಲ್ಲಿ ಕೂತು, ನಿಮ್ಮ ಮಿಸ್ ಇವತ್ತು ಬರಲ್ಲ ಎಂದರು. ನಾಳೆ ಬರ್ತಾರಾ ಎಂದು ಒಬ್ಬ ಕೇಳಿದ. ನಾಡಿದ್ದು ಎಂದು ಇನ್ನೊಬ್ಬಳು ಕೇಳಿದಳು. ಕೊನೆಯಲ್ಲಿ ಕೂತಿದ್ದ ಒಂದು ಹುಡುಗಿ ಏನೂ ಕೇಳಲಿಲ್ಲ.

ಠಾಣೆಗೆ ಬಂದು ಅವರೇ ಪ್ರಕರಣದ ದಿನಚರಿಯಲ್ಲಿ ಬರೆದರು: '9.45. ನಲವತ್ತೊಂದು ಜನರಿಗೆ ತಿಳಿಸಲಾಯಿತು. ಯಾರೂ ಒಪ್ಪಲಿಲ್ಲ.'